8 ಕಿ.ಮೀ. ಕ್ರಾಸ್ ಕಂಟ್ರಿ: ಶುರುವಿನಲ್ಲಿ ಎಷ್ಟು ಜೋರು?

ಪ್ರಶ್ನೆ:
2 ಕಿ.ಮೀ.ಯ ನಾಲ್ಕು ಸುತ್ತು. ಮೊದಲ 300 ಮೀಟರ್ ಅಗಲವಾದ ಹುಲ್ಲುಮೈದಾನ, ಆಮೇಲೆ ಇಬ್ಬರು ಮಾತ್ರ ಜೊತೆಯಾಗಿ ಓಡಬಹುದಾದ ಕಾಲುದಾರಿ. ಪ್ರತಿ ಸುತ್ತಿನಲ್ಲೂ 250 ಮೀಟರಿನ ಒಂದು ಏರು. ಟ್ರ್ಯಾಕ್‌ನಲ್ಲಿ ಕಿಲೋಮೀಟರಿಗೆ 3:30ರ (3 ನಿಮಿಷ 30 ಸೆಕೆಂಡಿನ) ಪೇಸ್ ಇದೆ. ಇಲ್ಲೂ ಅದನ್ನೇ ಹಿಡಿಯಬೇಕಾ? ನಿಧಾನವಾದರೆ ಕಾಲುದಾರಿಯಲ್ಲಿ ಹಿಂದೆ ಸಿಕ್ಕಿಬೀಳ್ತೀವಿ, ಜೋರಾದರೆ ಮೂರನೇ ಸುತ್ತಿಗೆ ಕಾಲು ಸೋಲುತ್ತೆ.

ಉತ್ತರ 1:
3:30 ಮರೆತುಬಿಡಿ. ಹುಲ್ಲು, ಕೆಸರು, ತಿರುವುಗಳಲ್ಲಿ ಅದೇ ಶ್ರಮಕ್ಕೆ ಅದೇ ವೇಗ ಸಿಗಲ್ಲ. ಗಡಿಯಾರದ ಜಿಪಿಎಸ್ ಪೇಸ್ ಕೂಡ ತಿರುವುಗಳಲ್ಲಿ ತಡವಾಗಿ ಬದಲಾಗುತ್ತೆ. ಉಸಿರಿನ ಲಯವೇ ಅಳತೆ.

ಶುರುವಿನ 15-20 ಸೆಕೆಂಡು ಜೋರಾಗಿ ಓಡಿ, 150 ಮೀಟರ್ ದಾಟುತ್ತಿದ್ದಂತೆ ಸಡಿಲಿಸಿ. ಇಲ್ಲೇ ಮೋಸ ಹೋಗೋದು: ಆಮ್ಲಜನಕದ ಬಳಕೆ ಪೂರ್ತಿ ಏರಲು 2-3 ನಿಮಿಷ ಬೇಕು. ಅಲ್ಲಿಯವರೆಗೆ ಎಷ್ಟು ಜೋರಾದರೂ ಹಗುರ ಅನಿಸುತ್ತೆ, ಸಾಲದ ಬಡ್ಡಿ ಆಮೇಲೆ ಬರುತ್ತೆ. ಕಾಲುದಾರಿಯ ಬಾಯಿಗೆ ಬರುವಾಗ ನಿಮ್ಮ ಮಟ್ಟದವರಿಗಿಂತ ಸ್ವಲ್ಪ ಮುಂದಿದ್ದರೆ ಸಾಕು. ತೀರಾ ಹಿಂದೆ ಬಿದ್ದರೆ ಮುಂದಿನವರು ತುಸು ನಿಧಾನಿಸಿದರೂ ಹಿಂದಿನ ಸಾಲು ನಿಂತೇಬಿಡುತ್ತೆ. ನಿಂತು ಮತ್ತೆ ವೇಗ ಹಿಡಿಯೋದೇ ದುಬಾರಿ.

ವಾರ್ಮಪ್ ಸರಿಯಿಲ್ಲದಿದ್ದರೆ ಇದ್ಯಾವುದೂ ನಡೆಯಲ್ಲ: 15 ನಿಮಿಷ ನಿಧಾನ ಓಟ, 80 ಮೀಟರಿನ 4-5 ಸ್ಟ್ರೈಡ್ಸ್ (ನಿಧಾನಕ್ಕೆ ವೇಗ ಏರಿಸುವ ಚಿಕ್ಕ ಓಟ), ಕೊನೆಯದು ಶುರುವಿಗೆ 5-8 ನಿಮಿಷ ಮೊದಲು.

ಉತ್ತರ 2:
ಶುರುವಿನ ಬಗ್ಗೆ ಮೇಲಿನದು ಈ ದಾರಿಗೆ ಸರಿ. ದಾರಿ ಪೂರ್ತಿ ಅಗಲವಾಗಿದ್ದರೆ ಆ ಖರ್ಚೇ ಬೇಡ.

ನನ್ನ ಪ್ರಕಾರ ಓಟ ಕೈತಪ್ಪೋದು ಏರಿನಲ್ಲಿ. ಹೆಜ್ಜೆ ಚಿಕ್ಕದು ಮಾಡಿ, ಕೈ ಬೀಸಿ, ನೋಟ 5-6 ಮೀಟರ್ ಮುಂದಿರಲಿ. ವೇಗ ಬಿದ್ದರೆ ಬೀಳಲಿ, ಉಸಿರು ಕೆಡಬಾರದು. ನೆತ್ತಿ ತಲುಪಿದ ಕೂಡಲೇ ಎಲ್ಲರೂ ಉಸ್ಸಪ್ಪಾ ಅಂತ ಸಡಿಲಾಗ್ತಾರೆ. ನೀವು ಅಲ್ಲಿಂದ 20 ಹೆಜ್ಜೆ ಒತ್ತಿ. ಏರಿನ ನಡುವೆ ಹಿಂದಿಕ್ಕೋದಕ್ಕಿಂತ ಇದು ಅಗ್ಗ. ಇಳಿಜಾರಿನಲ್ಲಿ ಹಿಂದಕ್ಕೆ ವಾಲಿ ಹಿಮ್ಮಡಿಯಿಂದ ಬ್ರೇಕ್ ಹಾಕಬೇಡಿ. ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತೆ. ನೀವು ಹೇಳಿದ ‘ಮೂರನೇ ಸುತ್ತಿಗೆ ಕಾಲು ಸೋಲೋದು’ ಅರ್ಧ ಇದರಿಂದಲೇ.

ಉತ್ತರ 3:
ತಂಡದ ಲೆಕ್ಕ ಮರೀಬೇಡಿ. ವಿಶ್ವ ಕ್ರಾಸ್ ಕಂಟ್ರಿ ಚಾಂಪಿಯನ್‌ಶಿಪ್‌ನ ಹಿರಿಯರ ಓಟದಲ್ಲಿ ತಂಡದ ಮೊದಲ ನಾಲ್ವರ ಸ್ಥಾನಗಳನ್ನು ಕೂಡಿಸ್ತಾರೆ, ಕಡಿಮೆ ಬಂದವರು ಗೆಲ್ತಾರೆ. ಸಮಯಕ್ಕೆ ಅಲ್ಲಿ ಬೆಲೆಯಿಲ್ಲ. ಗುಂಪಿನ ನಡುವೆ ಐದೇ ಸೆಕೆಂಡಿನಲ್ಲಿ ಹತ್ತು ಜನ ಇರಬಹುದು, ಹಾಗಾಗಿ ನಾಲ್ಕನೆಯವರ ಕುಸಿತ ಮೊದಲನೆಯವರ ಒಳ್ಳೆಯ ಓಟವನ್ನೇ ನುಂಗುತ್ತೆ. ಎರಡನೇ ಸುತ್ತು ತಡೆದು ಓಡಿ, ಮೂರನೆಯದರಲ್ಲಿ ಒಬ್ಬೊಬ್ಬರನ್ನೇ ಗುರಿಯಿಟ್ಟು ಹಿಡಿಯಿರಿ.

ಪ್ರಶ್ನೆ ಕೇಳಿದವರು:
ಮೈದಾನದಲ್ಲಿ ಎದುರುಗಾಳಿ ಇದ್ದರೆ?

ಉತ್ತರ 2:
ಯಾರದಾದರೂ ಬೆನ್ನ ಹಿಂದೆ ಒಂದು ಮೀಟರ್ ಅಂತರದಲ್ಲಿರಿ, ಗಾಳಿಗೆ ಎದುರಾಗಿ ಹಿಂದಿಕ್ಕಬೇಡಿ. ಆದರೆ ಕೆಸರಿನಲ್ಲಿ ಅಷ್ಟು ಹತ್ತಿರ ಬೇಡ, ಕಾಲಿಡೋ ಜಾಗ ಕಾಣಲ್ಲ.