ಕಂಪ್ಯೂಟರ್ ಬಂದ್ ಮಾಡಿದ ಮೇಲೂ ಕರೆಂಟ್ ಎಳೀತಿದೆ, ಏನು ಮಾಡಲಿ?

ಪ್ರಶ್ನೆ (ಟ್ಯೂಷನ್ ಹೇಳುವ ಟೀಚರ್, ಕಲಬುರಗಿ):
ನಮ್ಮ ಗ್ರೂಪಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಣ್ಣಾರು ಇದ್ದಾರಲ್ಲ, ಅವರಿಗೆ ಈ ಪ್ರಶ್ನೆ. ನಮ್ಮ ಮನೆ ಜೇವರ್ಗಿ ರೋಡ್ ಕಡೆ. ಬೇಸಿಗೆ ಬಂತೆಂದರೆ ಕೂಲರ್ ಹಗಲು ರಾತ್ರಿ ಓಡುತ್ತದೆ, ಅದನ್ನು ಬಂದ್ ಮಾಡುವ ಮಾತೇ ಇಲ್ಲ. ಹೋದ ತಿಂಗಳು 212 ಯೂನಿಟ್ ಬಂತು. 200 ದಾಟಿದ್ದಕ್ಕೆ ಗೃಹಜ್ಯೋತಿ ಸಿಗಲಿಲ್ಲ, ಪೂರ್ತಿ ಬಿಲ್ ಕಟ್ಟಿದೆವು. ಬರೀ 12 ಯೂನಿಟ್‌ಗೆ ಇಷ್ಟು ದುಡ್ಡಾ ಅಂತ ಹೊಟ್ಟೆ ಉರಿದುಹೋಯಿತು. ರಾತ್ರಿ ಕಂಪ್ಯೂಟರ್ ಶಟ್‌ಡೌನ್ ಮಾಡಿ ಮಲಗಿದರೂ ಮೌಸ್ ಕೆಂಪಗೆ ಉರಿಯುತ್ತಿರುತ್ತದೆ, ಮಾನಿಟರ್ ಲೈಟು, ಯುಪಿಎಸ್ ಲೈಟು, ಪ್ರಿಂಟರ್ ಲೈಟು, ಕೋಣೆ ತುಂಬಾ ದೀಪಾವಳಿ. ಕೊಂಡ ಅಂಗಡಿಯವರನ್ನು ಕೇಳಿದರೆ ಅದೇನು ದೊಡ್ಡ ಕರೆಂಟ್ ಅಲ್ಲ ಮೇಡಂ ಅಂದುಬಿಟ್ಟರು. ನಿಜಾನಾ?

ಉತ್ತರ:
ಅಕ್ಕಾರ, ಅಂಗಡಿಯವರು ಹೇಳಿದ್ದು ಅರ್ಧ ನಿಜ. ಒಂದೊಂದೇ ಹಿಡಿದರೆ ಸಣ್ಣದೇ, ಆದರೆ 24 ಗಂಟೆ ಎಳೆದರೆ ಸಣ್ಣದಲ್ಲ. 1 ವಾಟ್ ವರ್ಷವಿಡೀ ಎಳೆದರೆ ಸುಮಾರು 8.76 ಯೂನಿಟ್. ನಿಮ್ಮಲ್ಲಿ ಎಷ್ಟು ವಾಟ್ ಸೋರುತ್ತಿದೆ ಅನ್ನೋದು ಮೊದಲು ಗೊತ್ತಾಗಬೇಕು.

ಅದಕ್ಕೆ ಏನೂ ಕೊಳ್ಳಬೇಡಿ, ನಿಮ್ಮ ಜೆಸ್ಕಾಂ ಮೀಟರೇ ಸಾಕು. ಮೀಟರಿನಲ್ಲಿ ಮಿಣುಕುವ ಸಣ್ಣ ಕೆಂಪು ದೀಪ ಇದೆಯಲ್ಲ, ಅದರ ಹತ್ತಿರ ಒಂದು ಯೂನಿಟ್‌ಗೆ ಎಷ್ಟು ಸಲ ಮಿಣುಕುತ್ತದೆ ಅಂತ ನಂಬರ್ ಬರೆದಿರುತ್ತಾರೆ, 3200 ಅಥವಾ 1600, ಹೀಗೆ. ಫ್ರಿಜ್, ಫ್ಯಾನ್, ಇನ್ವರ್ಟರ್ ಎಲ್ಲಾ ಹತ್ತು ನಿಮಿಷ ಬಂದ್ ಮಾಡಿ, ಕಂಪ್ಯೂಟರಿನ ಸ್ವಿಚ್ ಬೋರ್ಡ್ ಮಾತ್ರ ಆನ್ ಇಡಿ, ಕಂಪ್ಯೂಟರ್ ಶಟ್‌ಡೌನ್ ಆಗಿರಲಿ. ಆಮೇಲೆ ಒಂದು ಮಿಣುಕಿಗೂ ಇನ್ನೊಂದಕ್ಕೂ ಎಷ್ಟು ಸೆಕೆಂಡ್ ಅಂತ ಮೊಬೈಲ್‌ನಲ್ಲಿ ನೋಡಿ. ನಿಮ್ಮದು 3200 ಆದರೆ 1125ನ್ನು ಆ ಸೆಕೆಂಡಿನಿಂದ ಭಾಗಿಸಿ, ಬಂದದ್ದೇ ವಾಟ್. 1600 ಆದರೆ 2250ನ್ನು ಭಾಗಿಸಿ. ತೀರಾ ಕಮ್ಮಿ ಇದ್ದರೆ ಮೀಟರ್ ಮಿಣುಕುವುದೇ ಇಲ್ಲ, ಹಾಗಾಗಿ ಎಲ್ಲಾ ಸೇರಿಸಿಯೇ ಅಳೆಯಿರಿ. ಅಂದಹಾಗೆ ಮಧ್ಯಾಹ್ನ ಎರಡಕ್ಕೆ ಈ ಕೆಲಸ ಬೇಡ, ಕೂಲರ್ ಬಂದ್ ಮಾಡಿದರೆ ಮನೆಯವರು ನಿಮ್ಮನ್ನೂ ನನ್ನನ್ನೂ ಬೈತಾರೆ.

ಮರುಪ್ರಶ್ನೆ (ಟೀಚರ್):
ಮಾಡಿದೆ ಅಣ್ಣಾರ. ನಮ್ಮದು 3200. ಹತ್ತು ಸಲ ಮಿಣುಕೋಕೆ ಏಳೂವರೆ ನಿಮಿಷ ಆಯಿತು. ಅಂದರೆ ಸಲಕ್ಕೆ 45 ಸೆಕೆಂಡ್, 25 ವಾಟ್ ಅಲ್ವಾ? ಬೋರ್ಡಿನಲ್ಲಿ ಸಿಪಿಯು, ಮಾನಿಟರ್, ಇಂಕ್‌ಜೆಟ್ ಪ್ರಿಂಟರ್, ಹಳೇ 2.1 ಸ್ಪೀಕರ್, ಯುಪಿಎಸ್, ವೈಫೈ ರೂಟರ್ ಇವೆ.

ಉತ್ತರ:
ಲೆಕ್ಕ ಸರಿ ಇದೆ. 25 ವಾಟ್ ಅಂದರೆ ತಿಂಗಳಿಗೆ 18 ಯೂನಿಟ್, ಅದೂ ಯಾರೂ ಕಂಪ್ಯೂಟರ್ ಮುಟ್ಟದೇ ಇದ್ದಾಗ.

ಈಗ ಕಳ್ಳ ಯಾರು ನೋಡೋಣ. ಎಲ್ಲರೂ ಮೌಸ್ ಲೈಟ್ ತೋರಿಸ್ತಾರೆ, ಅದು ಪಾಪ ಏನೂ ತಿನ್ನಲ್ಲ. ಮಾನಿಟರ್ ಈಗಿನದಾದರೆ ಅರ್ಧ ವಾಟ್ ಆಸುಪಾಸು. ಶಟ್‌ಡೌನ್ ಆದ ಸಿಪಿಯು ಒಂದೆರಡು ವಾಟ್. ಇಂಕ್‌ಜೆಟ್ ಪ್ರಿಂಟರ್ ಕೂಡ ಅಷ್ಟೇ. ನನ್ನ ಅನುಭವದಲ್ಲಿ ಜಾಸ್ತಿ ತಿನ್ನೋದು ಯುಪಿಎಸ್ ಮತ್ತು ಹಳೇ ಸ್ಪೀಕರ್. ಆ ಸ್ಪೀಕರ್‌ನ ವೂಫರ್ ಡಬ್ಬಿ ಒಳಗೆ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಎಷ್ಟೋ ಸೆಟ್‌ಗಳಲ್ಲಿ ಆನ್-ಆಫ್ ಬಟನ್ ಟ್ರಾನ್ಸ್‌ಫಾರ್ಮರ್ ಆದ ಮೇಲೆ ಕೂತಿರುತ್ತದೆ. ನೀವು ಆಫ್ ಮಾಡಿದರೆ ಹಾಡು ನಿಲ್ಲುತ್ತದೆ, ಟ್ರಾನ್ಸ್‌ಫಾರ್ಮರ್ ನಿಲ್ಲಲ್ಲ. ಕೈ ಇಟ್ಟು ನೋಡಿ, ಬೆಚ್ಚಗಿದ್ದರೆ ಅದೇ ಸಾಕ್ಷಿ. ಯುಪಿಎಸ್ ಕಥೆಯೂ ಅದೇ, ಬ್ಯಾಟರಿ ಫುಲ್ ಆದ ಮೇಲೂ ಬಿಸಿ ಬಿಸಿ ಆಗಿಯೇ ಇರುತ್ತದೆ.

ರಾತ್ರಿ ಕಂಪ್ಯೂಟರ್ ಶಟ್‌ಡೌನ್ ಮಾಡಿ, ಪ್ರಿಂಟರನ್ನು ಅದರದೇ ಬಟನ್‌ನಿಂದ ಆಫ್ ಮಾಡಿ, ಯುಪಿಎಸ್ಸನ್ನೂ ಅದರ ಬಟನ್‌ನಿಂದಲೇ ಆಫ್ ಮಾಡಿ, ಕೊನೆಗೆ ಗೋಡೆಯ ಸ್ವಿಚ್. ಈ ಸಾಲು ತಪ್ಪಿಸಬೇಡಿ. ಗೋಡೆ ಸ್ವಿಚ್ ಮೊದಲು ಒತ್ತಿದರೆ ಯುಪಿಎಸ್ ಕರೆಂಟ್ ಹೋಯ್ತು ಅಂತ ತಿಳಿದು ಪೀ ಪೀ ಅಂತ ಕೂಗಿ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ. ಪ್ರಿಂಟರ್ ಬಟನ್ ಒತ್ತದೆ ಕರೆಂಟ್ ಕಿತ್ತರೆ ಹೆಡ್ ತನ್ನ ಮುಚ್ಚಳದ ಜಾಗಕ್ಕೆ ಹೋಗಿ ಕೂರಲ್ಲ, ನಮ್ಮ ಕಲಬುರಗಿ ಬಿಸಿಲಿಗೆ ಇಂಕ್ ಒಣಗಿ ಕಟ್ಟಿಕೊಳ್ಳುತ್ತದೆ. ಉಳಿಸಿದ್ದಕ್ಕಿಂತ ಜಾಸ್ತಿ ದುಡ್ಡು ಇಂಕಿಗೇ ಹೋಗುತ್ತದೆ. ರೂಟರ್‌ಗೆ ಬೇರೆ ಸಾಕೆಟ್ ಕೊಡಿ, ಅದು ಎಲ್ಲರಿಗೂ ಬೇಕು.

ಮಧ್ಯೆ ಒಬ್ಬರು (ಆನ್‌ಲೈನ್ ಸೆಂಟರ್ ನಡೆಸುವವರು, ಬೀದರ್):
ನಮ್ಮಲ್ಲಿ ಲೇಸರ್ ಪ್ರಿಂಟರ್ ಇದೆ, ಯುಪಿಎಸ್‌ಗೇ ಹಾಕಿದ್ದೇವೆ. ಅದಕ್ಕೂ ಇದೇನಾ?

ಉತ್ತರ:
ಸರ್, ಮೊದಲು ಅದನ್ನು ಯುಪಿಎಸ್‌ನಿಂದ ಕಿತ್ತು ನೇರ ಸಾಕೆಟ್‌ಗೆ ಹಾಕಿ. ಲೇಸರ್ ಪ್ರಿಂಟರ್ ಒಳಗಿನ ರೋಲರ್ ಬಿಸಿಯಾಗುವಾಗ ಒಂದೇ ಏಟಿಗೆ ನೂರಾರು ವಾಟ್ ಎಳೆಯುತ್ತದೆ, ಮನೆಯ ಸಣ್ಣ ಯುಪಿಎಸ್ ತಡೆಯಲ್ಲ. ಪ್ರಿಂಟ್ ಇಲ್ಲದಾಗಲೂ ರೆಡಿ ಅಂತ ತೋರಿಸುತ್ತಾ ರೋಲರ್ ಬಿಸಿ ಇಟ್ಟುಕೊಂಡಿದ್ದರೆ ದಂಡ. ಸೆಟ್ಟಿಂಗ್‌ನಲ್ಲಿ ಸ್ಲೀಪ್ ಟೈಮ್ ಇರುತ್ತದೆ, ಗಿರಾಕಿ ಕಮ್ಮಿ ಇರುವ ಹೊತ್ತಿಗೆ ಐದು ನಿಮಿಷಕ್ಕೆ ಇಳಿಸಿ.

ಮರುಪ್ರಶ್ನೆ (ಟೀಚರ್):
ರೂಟರ್ ಮಾತ್ರ ಬಿಟ್ಟು ಎಲ್ಲಾ ಬಂದ್ ಮಾಡಿ ನೋಡಿದೆ, ಎರಡು ನಿಮಿಷ ಇಪ್ಪತ್ತು ಸೆಕೆಂಡಿಗೆ ಒಂದು ಸಲ ಮಿಣುಕಿತು! ಆದರೆ ಎರಡು ಅನುಮಾನ. ದಿನಾ ಗೋಡೆ ಸ್ವಿಚ್ ಬಂದ್ ಮಾಡಿದರೆ ಕಂಪ್ಯೂಟರ್ ಕೆಡಲ್ವಾ? ಇನ್ನೊಂದು, ಮಗ ಒಂದೊಂದು ದಿನ ರಾತ್ರಿಯೆಲ್ಲಾ ಡೌನ್‌ಲೋಡ್ ಹಾಕಿ ಮಲಗ್ತಾನೆ.

ಉತ್ತರ:
ಅಂದರೆ 8 ವಾಟ್, ಅದು ರೂಟರ್‌ದು. ಉಳಿದ 17 ವಾಟ್ ನಿಂತಿತು. ದಿನಕ್ಕೆ 20 ಗಂಟೆ ಹಿಡಿದರೂ ತಿಂಗಳಿಗೆ 10 ಯೂನಿಟ್.

ಶಟ್‌ಡೌನ್ ಪೂರ್ತಿ ಆದ ಮೇಲೆ ಸ್ವಿಚ್ ಒತ್ತಿದರೆ ಏನೂ ಕೆಡಲ್ಲ. ಒಂದೇ ಒಂದು ಸಣ್ಣ ಖರ್ಚು ಬರಬಹುದು. ಮದರ್‌ಬೋರ್ಡ್ ಮೇಲೆ ನಾಣ್ಯದ ಹಾಗಿರುವ ಸೆಲ್ ಇದೆ, ಸಾಮಾನ್ಯವಾಗಿ ಸಿಆರ್2032. ಗೋಡೆಯಲ್ಲಿ ಕರೆಂಟ್ ಇದ್ದಾಗ ಕಂಪ್ಯೂಟರ್ ಒಳಗಿನ ಗಡಿಯಾರ ಆ ಕರೆಂಟಿನಿಂದ ನಡೆಯುತ್ತದೆ, ಇಲ್ಲದಾಗ ಸೆಲ್‌ನಿಂದ. ಹಾಗಾಗಿ ಸೆಲ್ ಸ್ವಲ್ಪ ಬೇಗ ಮುಗಿಯುತ್ತದೆ. ದಿನಾಂಕ ತಪ್ಪು ತೋರಿಸೋಕೆ ಶುರುವಾದರೆ ಸೆಲ್ ಬದಲಿಸಿ, ಸೂಪರ್ ಮಾರ್ಕೆಟ್ ಕಡೆ ಯಾವ ವಾಚ್ ಅಂಗಡಿಯಲ್ಲಾದರೂ ಸಿಗುತ್ತದೆ. ರಜೆಗೆ ಊರಿಗೆ ಹೋಗಿ ತಿಂಗಳುಗಟ್ಟಲೆ ಯುಪಿಎಸ್ ಬಂದ್ ಇದ್ದರೆ ಮಾತ್ರ ನಡುವೆ ಒಮ್ಮೆ ಚಾರ್ಜ್ ಮಾಡಿ, ಅದರ ಬ್ಯಾಟರಿ ಖಾಲಿ ಕೂತರೆ ಸಾಯುತ್ತದೆ.

ಇನ್ನು ಮಗನ ವಿಷಯ. ಅಕ್ಕಾರ, ಇದನ್ನು ಮೊದಲೇ ಹೇಳಬಾರದಿತ್ತಾ! ಸುಮ್ನೆ ಆನ್ ಇರುವ ಡೆಸ್ಕ್‌ಟಾಪ್ 70 ವಾಟ್ ಹಿಡಿಯಿರಿ, ರಾತ್ರಿ 8 ಗಂಟೆ, ದಿನಾ ಹಾಕಿದರೆ ತಿಂಗಳಿಗೆ ಹೆಚ್ಚು ಕಡಿಮೆ 17 ಯೂನಿಟ್. ನಾವು ಇಷ್ಟೊತ್ತು ಬೆನ್ನು ಹತ್ತಿದ ಕಳ್ಳರಿಗಿಂತ ಇವನೇ ದೊಡ್ಡವನು. ಡೌನ್‌ಲೋಡ್ ಮುಗಿದ ಮೇಲೆ ತಾನೇ ಬಂದ್ ಆಗುವ ಆಯ್ಕೆ ಎಷ್ಟೋ ಡೌನ್‌ಲೋಡ್ ಸಾಫ್ಟ್‌ವೇರ್‌ಗಳಲ್ಲಿ ಇದೆ, ಅದಕ್ಕೆ ಟಿಕ್ ಹಾಕಿಸಿ. ಸ್ಕ್ರೀನ್‌ಸೇವರ್ ಹಾಕಿ ಕರೆಂಟ್ ಉಳಿಸಿದೆ ಅಂದರೆ ನಂಬಬೇಡಿ, ಚಿತ್ರ ಓಡಿಸೋಕೂ ಕರೆಂಟ್ ಬೇಕು. ಹಗಲು ನೀವು ಅಡುಗೆಮನೆಗೆ ಎದ್ದು ಹೋದಾಗ ಐದು ನಿಮಿಷಕ್ಕೆ ಸ್ಕ್ರೀನ್ ಆಫ್ ಆಗುವ ಹಾಗೆ, ಇಪ್ಪತ್ತು ನಿಮಿಷಕ್ಕೆ ಹೈಬರ್ನೇಟ್ ಆಗುವ ಹಾಗೆ ಇಡಿ. ಸ್ಲೀಪ್ ಯಾಕೆ ಬೇಡ ಅಂದರೆ, ಅದರಲ್ಲಿ ಕೆಲಸವೆಲ್ಲಾ ಕರೆಂಟ್ ಇದ್ದರಷ್ಟೇ ನೆನಪಿಡುವ ರ್‍ಯಾಮ್‌ನಲ್ಲೇ ಇರುತ್ತದೆ, ಕರೆಂಟ್ ಹೋಗಿ ಯುಪಿಎಸ್ಸೂ ಕೈ ಕೊಟ್ಟರೆ ಸೇವ್ ಮಾಡದ ಪ್ರಶ್ನೆಪತ್ರಿಕೆ ಹೋಯ್ತು ಅಂತಲೇ. ಹೈಬರ್ನೇಟ್‌ನಲ್ಲಿ ಅದು ಡಿಸ್ಕ್‌ಗೆ ಬರೆದಿರುತ್ತದೆ.

ಮಧ್ಯೆ ಇನ್ನೊಬ್ಬರು (ಯಾದಗಿರಿ):
ಲ್ಯಾಪ್‌ಟಾಪ್ ಚಾರ್ಜರ್ ಸಾಕೆಟ್‌ನಲ್ಲೇ ಇರುತ್ತದೆ, ಅದೂ ಕೀಳಬೇಕಾ?

ಉತ್ತರ:
ಕಿತ್ತರೆ ಒಳ್ಳೇದು, ಬಿಟ್ಟರೂ ಅಂಥ ನಷ್ಟ ಇಲ್ಲ. ಒಳ್ಳೆ ಚಾರ್ಜರ್ ಖಾಲಿ ಇದ್ದಾಗ ಅರ್ಧ ವಾಟ್ ಒಳಗೇ ಇರುತ್ತದೆ. ಗುಡುಗು ಸಿಡಿಲು ಬಂದಾಗ ಮಾತ್ರ ಪ್ಲಗ್ಗೇ ಕೀಳಿ, ಬ್ರಾಡ್‌ಬ್ಯಾಂಡ್ ವೈರ್ ತಾಮ್ರದ್ದಾದರೆ ಅದನ್ನೂ ಕೀಳಿ.

ಟೀಚರ್:
ಸ್ಪೀಕರ್ ಇವತ್ತೇ ಕಿತ್ತೆ ಅಣ್ಣಾರ, ನಿಜವಾಗ್ಲೂ ಬೆಚ್ಚಗಿತ್ತು. ಮಗನಿಗೆ ನಿಮ್ಮ ಉತ್ತರ ಓದೋಕೆ ಕೊಟ್ಟಿದ್ದೇನೆ, ಕೂಲರ್‌ದೇನು ಲೆಕ್ಕ ಅಂತ ನನಗೇ ತಿರುಗಿ ಕೇಳ್ತಿದ್ದಾನೆ.