ಹದಿನೆಂಟು ತುಂಬುವವರೆಗೆ ಹಲ್ಲಿಗೆ ಕೈ ಹಾಕಬಾರದಂತೆ!

ಸಾಗರದ ಚಿಕ್ಕಪ್ಪ: (ಫಾರ್ವರ್ಡ್) ಸೀಳು ತುಟಿ ಮಕ್ಕಳ ಪೋಷಕರೇ ಎಚ್ಚರ! ತುಟಿ ಹೊಲಿದರೆ ಹಲ್ಲು ತಾನಾಗಿ ಸರಿಯಾಗುತ್ತದೆ. ಹದಿನೆಂಟು ತುಂಬುವವರೆಗೆ ಹಲ್ಲಿಗೆ ಕೈ ಹಾಕಿಸಬೇಡಿ. ಎಲ್ಲರಿಗೂ ಕಳಿಸಿ 🙏

ಶಿವಮೊಗ್ಗ ಅಕ್ಕ: ಚಿಕ್ಕಪ್ಪ, ಬೇಜಾರು ಮಾಡ್ಕೋಬೇಡಿ, ಇದು ಸುಳ್ಳು. ನನ್ನ ಮಗ ಪುಟ್ಟನ ಸೀಳು ತುಟಿ ಹೊಲಿದು ಕೂಡಿದೆ, ಒಸಡಿನೊಳಗೆ ಮೂಳೆ ಇನ್ನೂ ಕೂಡಿಲ್ಲ. ಎಕ್ಸ್‌ರೇಯಲ್ಲಿ ಸೀಳಿನ ಬದಿಯ ಎರಡನೇ ಹಲ್ಲಿನ ಮೊಳಕೆಯೇ ಇಲ್ಲ. ಇಲ್ಲದ ಹಲ್ಲು ಎಲ್ಲಿಂದ ಬರಬೇಕು?

ಸಾಗರದ ಚಿಕ್ಕಪ್ಪ: ಅಲ್ಲೇ ಒಂದು ಜಾಸ್ತಿ ಇದೆ ಅಂದಿದ್ದೆಯಲ್ಲ ಮಾರಾಯ್ತಿ? ಒಂದು ಕಡಿಮೆ, ಒಂದು ಜಾಸ್ತಿ. ಲೆಕ್ಕ ಸರಿ ಹೋಯ್ತು 😀

ಶಿವಮೊಗ್ಗ ಅಕ್ಕ: ಅದು ಅಕ್ಕಿಕಾಳಿನಷ್ಟು ಹಾಲುಹಲ್ಲು, ಬಿದ್ದುಹೋಗುತ್ತದೆ. ಇಂಥ ಮಕ್ಕಳಲ್ಲಿ ಎರಡೂ ಆಗುತ್ತದೆ. ಪಕ್ಕದ ಹಲ್ಲಿನ ಎನಾಮೆಲ್ ಕೂಡ ತೆಳು ಇರಬಹುದು, ಬೇಗ ಹುಳುಕಾಗುತ್ತದೆ.

ಹೊಸನಗರ ಅತ್ತೆ: ಎಲ್ಲಾ ಆ ಗ್ರಹಣದ ದೋಷ. 2019ರ ಡಿಸೆಂಬರ್ 26. ಬಸುರಿ, ಬೇಡ ಅಂದರೂ ಇವಳು ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯಲು ಕೂತಳು.

ತೀರ್ಥಹಳ್ಳಿ ಅಣ್ಣ: ಅತ್ತೆ, ಪುಟ್ಟ ಹುಟ್ಟಿದ್ದು ಏಪ್ರಿಲ್‌ನಲ್ಲಿ. ಗ್ರಹಣದ ಹೊತ್ತಿಗೆ ಹೊಟ್ಟೆಯಲ್ಲಿ ಐದು ತಿಂಗಳು. ತುಟಿ ಕೂಡುವುದು ಎರಡನೇ ತಿಂಗಳೊಳಗೆ. ಅದು ಮುಗಿದು ಎಷ್ಟೋ ದಿನವಾಗಿತ್ತು.

ಹೊಸನಗರ ಅತ್ತೆ: ಹಿರಿಯರು ಸುಮ್ನೆ ಹೇಳುತ್ತಾರಾ?

ಶಿವಮೊಗ್ಗ ಅಕ್ಕ: ಈ ಮಾತು ಕೇಳಿ ಕೇಳಿ ಸಾಕಾಗಿದೆ ಅತ್ತೆ. ಪುಟ್ಟ ಈಗ ಓದಲು ಕಲಿತಿದ್ದಾನೆ. ನನ್ನ ಫೋನ್ ನೋಡುತ್ತಾನೆ.

ಹೊಸನಗರ ಅತ್ತೆ: _ಈ ಸಂದೇಶವನ್ನು ಅಳಿಸಲಾಗಿದೆ_

ಸಾಗರದ ಚಿಕ್ಕಪ್ಪ: ಗ್ರಹಣ ಬಿಡಿ. ಹದಿನೆಂಟರವರೆಗೆ ಕಾದರೆ ನಷ್ಟ ಏನು?

ತೀರ್ಥಹಳ್ಳಿ ಅಣ್ಣ: ನಾವು ಕಾದರೂ ಕೋರೆಹಲ್ಲು ಕಾಯುವುದಿಲ್ಲ ಚಿಕ್ಕಪ್ಪ. ಅದು 11-12ಕ್ಕೆ ಇಳಿಯುತ್ತದೆ. ಇಳಿಯುವ ಜಾಗದಲ್ಲಿ ಮೂಳೆ ಬೇಕಲ್ಲ. ಅದಕ್ಕೇ ಸಾಮಾನ್ಯವಾಗಿ 8ರಿಂದ 11ರೊಳಗೆ ಸೊಂಟದ ಮೂಳೆಯಿಂದ ಸ್ವಲ್ಪ ತೆಗೆದು ಸೀಳಿಗೆ ತುಂಬುತ್ತಾರೆ. ದವಡೆ ಕಿರಿದಾಗಿದ್ದರೆ ಮೊದಲೇ ಕ್ಲಿಪ್ ಹಾಕಿ ಅಗಲ ಮಾಡುತ್ತಾರೆ. ಬೆಳವಣಿಗೆ ನಿಲ್ಲುವವರೆಗೆ ಕಾಯುವುದು ಇಂಪ್ಲಾಂಟ್ ಹಲ್ಲಿಗೆ, ಅಂದರೆ ದವಡೆ ಮೂಳೆಯೊಳಗೆ ಕೂರಿಸುವ ಕೃತಕ ಹಲ್ಲಿಗೆ. ಫಾರ್ವರ್ಡ್ ಬರೆದವನು ಅದೊಂದನ್ನೇ ಕೇಳಿಸಿಕೊಂಡಿರಬೇಕು.

ಸಾಗರದ ಚಿಕ್ಕಪ್ಪ: ಸೊಂಟದ ಮೂಳೆಯಾ! ಹುಡುಗ ಕುಂಟಿದರೆ?

ಶಿವಮೊಗ್ಗ ಅಕ್ಕ: ಸ್ವಲ್ಪ ದಿನ ನೋವಿರುತ್ತದಂತೆ, ಆಮೇಲೆ ಮೊದಲಿನ ಹಾಗೆ ಓಡಾಡುತ್ತಾರಂತೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳು ತುಟಿಯೂ ಸೇರಿದೆ. ಖರ್ಚಿನ ವಿಷಯ ಇಲ್ಲಿನ ಮೆಗ್ಗಾನ್ ಆಸ್ಪತ್ರೆಯಲ್ಲಿ ವಿಚಾರಿಸುತ್ತೇವೆ.

ಸಾಗರದ ಚಿಕ್ಕಪ್ಪ: ಆದರೂ ಇನ್ನೊಬ್ಬರು ಡಾಕ್ಟರಿಗೆ ತೋರಿಸು.

ಶಿವಮೊಗ್ಗ ಅಕ್ಕ: ಸೋಮವಾರ ತೋರಿಸುತ್ತಿದ್ದೇವೆ. ನೀವೂ ಬನ್ನಿ, ಕೇಳುವುದನ್ನೆಲ್ಲ ಅಲ್ಲೇ ಕೇಳಿ.

ಸಾಗರದ ಚಿಕ್ಕಪ್ಪ: ಸೋಮವಾರ ತೋಟಕ್ಕೆ ಔಷಧಿ ಹೊಡೆಯುವವರು ಬರುತ್ತಾರೆ. ಮಂಗಳವಾರ ಆಗುವುದಿಲ್ಲವಾ?