ಪದಚರ್ಚೆ: ‘ರೇರ್ ಅರ್ತ್’ಗೆ ಕನ್ನಡದಲ್ಲಿ ‘ವಿರಳ ಭಸ್ಮ’ ಸರಿಯೇ, ‘ಅಪರೂಪದ ಭೂಖನಿಜ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಉಡುಪಿಯ ನಮ್ಮ ಹೈಸ್ಕೂಲಿನ ವಿಜ್ಞಾನ ಕೊಠಡಿಗೆ ಒಂದು ದೊಡ್ಡ ಚಾರ್ಟ್ ಮಾಡುತ್ತಿದ್ದೇವೆ. ಮೊಬೈಲ್ ಫೋನಿನ ಯಾವ ಭಾಗದಲ್ಲಿ ಯಾವ ಲೋಹ ಇದೆ, ಅದು ಯಾವ ಊರಿನ ನೆಲದಿಂದ ಬಂತು ಅನ್ನುವುದು ವಿಷಯ. ಬ್ಯಾಟರಿಯ ಕೋಬಾಲ್ಟ್ ಹೆಚ್ಚಾಗಿ ಕಾಂಗೋ ದೇಶದ ಕೊಲ್ವೆಜಿ ಕಡೆಯದು. ಲಿಥಿಯಂ ಆಸ್ಟ್ರೇಲಿಯಾದ ಬಂಡೆಯಿಂದಲೋ ಚಿಲಿ ದೇಶದ ಅಟಕಾಮದ ಉಪ್ಪುನೀರಿನಿಂದಲೋ ಬರುತ್ತದೆ. ಈ ಹೆಸರುಗಳನ್ನು ಹಾಗೇ ಬರೆದರಾಯ್ತು. ಕೆಲಸ ನಿಂತಿರುವುದು ಸ್ಪೀಕರಿನ ಹತ್ತಿರ.

ಸ್ಪೀಕರಿನಲ್ಲೂ ಫೋನನ್ನು ನಡುಗಿಸುವ ಪುಟ್ಟ ಮೋಟಾರಿನಲ್ಲೂ ಇರುವ ಅಯಸ್ಕಾಂತವನ್ನು ನಿಯೋಡೈಮಿಯಂ, ಕಬ್ಬಿಣ, ಬೋರಾನ್ ಸೇರಿಸಿ ಮಾಡುತ್ತಾರೆ. ನಿಯೋಡೈಮಿಯಂ 17 ಧಾತುಗಳ ಒಂದು ಗುಂಪಿನದು. ಇಂಗ್ಲಿಷಿನವರು ಆ ಗುಂಪನ್ನು ರೇರ್ ಅರ್ತ್ ಅನ್ನುತ್ತಾರೆ. 2025ರ ಏಪ್ರಿಲಿನಲ್ಲಿ ಚೀನಾ ಇವುಗಳಲ್ಲಿ ಏಳರ ರಫ್ತಿಗೆ ಕಡಿವಾಣ ಹಾಕಿದ ಮೇಲೆ ನಮ್ಮ ಸುದ್ದಿಗಳಲ್ಲೂ ಈ ಮಾತು ಜಾಸ್ತಿ ಆಗಿದೆ. ಒಬ್ಬರು ‘ಅಪರೂಪದ ಭೂಖನಿಜ’ ಅನ್ನುತ್ತಾರೆ, ಇನ್ನೊಬ್ಬರು ‘ವಿರಳ ಭೂಲೋಹ’. ವಿಜ್ಞಾನದ ಬರಹಗಳಲ್ಲಿ ‘ವಿರಳ ಭಸ್ಮ ಧಾತು’ ಅಂತ ಇದೆ. ಚಾರ್ಟಿನಲ್ಲಿ ಯಾವುದನ್ನು ಹಾಕೋಣ?

ನನ್ನ ಒಲವು ‘ವಿರಳ ಭಸ್ಮ’ದ ಕಡೆಗೆ. ಯಾಕೆ ಅಂತ ಹೇಳುತ್ತೇನೆ, ಒಪ್ಪದವರು ದಯವಿಟ್ಟು ತಿದ್ದಿ.

ಮೊದಲು ‘ಭೂ’ ವಿಚಾರ. ಇಲ್ಲಿ ಅರ್ತ್ ಅಂದರೆ ಭೂಮಿಯೂ ಅಲ್ಲ, ಮಣ್ಣೂ ಅಲ್ಲ. 18ನೇ ಶತಮಾನದ ರಸಾಯನ ವಿಜ್ಞಾನಿಗಳು ಬೆಂಕಿಗೆ ಜಗ್ಗದ, ನೀರಿನಲ್ಲಿ ಸುಲಭವಾಗಿ ಕರಗದ ಪುಡಿಗಳನ್ನೆಲ್ಲ ಹಾಗೆ ಕರೆಯುತ್ತಿದ್ದರು. ಅವು ಲೋಹ ಮತ್ತು ಆಮ್ಲಜನಕ ಸೇರಿ ಆದವು ಅಂತ ಆಮೇಲೆ ಗೊತ್ತಾಯಿತು. 1787ರಲ್ಲಿ ಸ್ವೀಡನ್ನಿನ ಇಟರ್ಬಿ ಅನ್ನುವ ಹಳ್ಳಿಯ ಗಣಿಯಲ್ಲಿ ಒಂದು ಕರಿಕಲ್ಲು ಸಿಕ್ಕಿತು. ಯೋಹಾನ್ ಗಾಡೋಲಿನ್ 1794ರಲ್ಲಿ ಅದರಲ್ಲಿ ಹೊಸದೊಂದು ಪುಡಿ ಇದೆ ಎಂದು ತೋರಿಸಿದರು. ಈ ಗುಂಪಿನ ಕಥೆ ಶುರುವಾದದ್ದು ಅಲ್ಲಿಂದ. ಇಟ್ರಿಯಂ, ಇಟರ್ಬಿಯಂ, ಟರ್ಬಿಯಂ, ಎರ್ಬಿಯಂ ನಾಲ್ಕಕ್ಕೂ ಆ ಒಂದು ಹಳ್ಳಿಯದೇ ಹೆಸರು.

ಲೋಹವನ್ನು ಪುಟವಿಟ್ಟು ಸುಟ್ಟು ಮಾಡಿದ ಪುಡಿಗೆ ನಮ್ಮಲ್ಲಿ ಮೊದಲಿನಿಂದಲೂ ಹೆಸರಿದೆ ಅಲ್ವಾ? ಲೋಹಭಸ್ಮ, ತಾಮ್ರಭಸ್ಮ ಅಂತ ಪಂಡಿತರು ಈಗಲೂ ಕೊಡುತ್ತಾರೆ. ಈ ಪದವನ್ನು ಆರಿಸಿದ ಹಿರಿಯರು ಶಬ್ದದ ಹಿಂದೆ ಹೋಗದೆ ವಸ್ತುವನ್ನು ನೋಡಿ ಹೆಸರಿಟ್ಟಿದ್ದಾರೆ ಅಂತ ನನಗೆ ಅನಿಸುತ್ತದೆ.

ಸಹೋದ್ಯೋಗಿಯೊಬ್ಬರು ಬೇಡ ಅಂದರು. ಭಸ್ಮ ಅಂದ ಕೂಡಲೇ ಮಕ್ಕಳಿಗೆ ಹಣೆಯ ವಿಭೂತಿ ನೆನಪಾಗುತ್ತದೆ ಎಂಬುದು ಅವರ ಮಾತು. ನಾನು ಅವರಿಗೆ ಗ್ಯಾಸ್‌ಲೈಟಿನ ಮ್ಯಾಂಟಲ್ ನೆನಪಿಸಿದೆ. ಕರೆಂಟಿಲ್ಲದ ಊರಲ್ಲಿ ಬಯಲಾಟಕ್ಕೆ ರಂಗಸ್ಥಳದಲ್ಲಿ ಕಟ್ಟುತ್ತಿದ್ದರಲ್ಲ, ಅದೇ. ಮ್ಯಾಂಟಲ್ ಅಂದರೆ ಬಟ್ಟೆಯ ಪುಟ್ಟ ಚೀಲ. ಅದನ್ನು ತೋರಿಯಂ ಮತ್ತು ಸೀರಿಯಂ ಲವಣದಲ್ಲಿ ಅದ್ದಿ ಒಣಗಿಸಿರುತ್ತಾರೆ. ತೋರಿಯಂ ಸುಮಾರು 99 ಪಾಲು, ಸೀರಿಯಂ 1 ಪಾಲು. ಮೊದಲ ಸಲ ಹೊತ್ತಿಸಿದಾಗ ಬಟ್ಟೆ ಸುಟ್ಟು ಹೋಗುತ್ತದೆ. ಉಳಿಯುವುದು ಬಿಳಿ ಬೂದಿಯ ಬಲೆ, ಬೆರಳು ತಾಗಿದರೆ ಪುಡಿಪುಡಿ. ರಾತ್ರಿಯಿಡೀ ಬೆಳಗುವುದು ಆ ಬೂದಿಯೇ. ಸೀರಿಯಂ ಈ 17ರಲ್ಲಿ ಒಂದು. ಈಗಿನ ಬಿಳಿ ಎಲ್‌ಇಡಿಯಲ್ಲಿ ನೀಲಿ ಬೆಳಕಿನ ಚಿಪ್ ಮೇಲೆ ಹಳದಿ ಲೇಪ ಇರುತ್ತದಲ್ಲ, ಅದರಲ್ಲೂ ಇಟ್ರಿಯಂ ಜೊತೆ ಸೀರಿಯಂ ಇರುತ್ತದೆ.

ಮ್ಯಾಂಟಲಿನ ವ್ಯಾಪಾರದಿಂದಲೇ ನಮ್ಮ ಕರಾವಳಿಯ ಮರಳೂ ಈ ಲೆಕ್ಕಕ್ಕೆ ಸೇರಿತು. ತಿರುವಾಂಕೂರಿನಿಂದ ಜರ್ಮನಿಗೆ ಹೋದ ತೆಂಗಿನ ನಾರಿಗೆ ಮರಳು ಅಂಟಿಕೊಂಡಿತ್ತು. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನ ವಿಜ್ಞಾನಿ ಅದರಲ್ಲಿ ಮೊನಜೈಟ್ ಇರುವುದನ್ನು ಕಂಡರು. ತೋರಿಯಂ, ಸೀರಿಯಂ, ನಿಯೋಡೈಮಿಯಂ ಮೂರೂ ಆ ಖನಿಜದಲ್ಲಿವೆ. ಕೇರಳದ ಚವರ, ಕನ್ಯಾಕುಮಾರಿ ಹತ್ತಿರದ ಮಣವಾಳಕುರಿಚಿ ಇಂದಿಗೂ ಅದಕ್ಕೆ ಹೆಸರಾದ ಜಾಗಗಳು. ಚಾರ್ಟಿನಲ್ಲಿ ಚೀನಾದ ಬಯಾನ್ ಓಬೊ ಗಣಿಯ ಪಕ್ಕದಲ್ಲೇ ಇವನ್ನೂ ಬರೆಯುತ್ತಿದ್ದೇವೆ. ಎಲ್ಲವೂ ದೂರದ ದೇಶದಿಂದಲೇ ಬರುವುದು ಅಂತ ಮಕ್ಕಳು ಅಂದುಕೊಳ್ಳಬಾರದು.

ಇನ್ನು ‘ಅಪರೂಪ’. ಇದು ನೇರವಾಗಿ ತಪ್ಪು. ನೆಲದೊಳಗೆ ಸೀರಿಯಂ ಹೆಚ್ಚುಕಮ್ಮಿ ತಾಮ್ರದಷ್ಟೇ ಇದೆ. ಪ್ರೊಮಿಥಿಯಂ ಒಂದನ್ನು ಬಿಟ್ಟರೆ, ಈ ಗುಂಪಿನಲ್ಲಿ ತೀರಾ ಕಡಿಮೆ ಇರುವುದು ಕೂಡ ಬೆಳ್ಳಿಗಿಂತ ಜಾಸ್ತಿ. ಕಷ್ಟ ಏನೆಂದರೆ ಅವು ಒಂದೇ ಕಡೆ ರಾಶಿಯಾಗಿ ಸಿಗುವುದು ಕಡಿಮೆ, ಎಲ್ಲೆಲ್ಲೂ ಚದುರಿಕೊಂಡಿವೆ. ಸಿಕ್ಕಲ್ಲಿಯೂ ಒಂದರ ಜೊತೆ ಇನ್ನೊಂದು ಬೆರೆತೇ ಇರುತ್ತದೆ. ಗುಣವೂ ಹೆಚ್ಚುಕಮ್ಮಿ ಒಂದೇ ಆದ್ದರಿಂದ ಬೇರ್ಪಡಿಸಲು ಆಮ್ಲ, ದ್ರಾವಕಗಳಲ್ಲಿ ಮತ್ತೆ ಮತ್ತೆ, ನೂರಾರು ಸುತ್ತು ಹಾಯಿಸಬೇಕು. ಖರ್ಚೂ ಹೊಲಸೂ ಅಲ್ಲಿಯೇ.

ಇಲ್ಲಿ ‘ವಿರಳ’ ಚೆನ್ನಾಗಿ ಒದಗುತ್ತದೆ. ಜನವಸತಿ ವಿರಳ ಅಂದರೆ ಮನೆಯೇ ಇಲ್ಲ ಅಂತ ಅಲ್ಲ. ಘಟ್ಟದ ಕೆಳಗಿನ ನಮ್ಮ ಹಳ್ಳಿಗಳ ಹಾಗೆ, ತೋಟಕ್ಕೊಂದು ಮನೆ. ಈ ಧಾತುಗಳು ಇರುವುದೂ ಹಾಗೆಯೇ. ‘ಅಪರೂಪ’ ಕೊಡದ ಈ ಅರ್ಥ ‘ವಿರಳ’ದಲ್ಲಿದೆ.

ಹಾಗಾಗಿ ‘ವಿರಳ ಭಸ್ಮ ಲೋಹಗಳು’ ಅಂತ ಬರೆದು, ಕೆಳಗೆ ಭಸ್ಮ ಅಂದರೆ ಏನು ಅಂತ ಎರಡು ಸಾಲು ಹಾಕುವ ಯೋಚನೆ. ಹಳೆಯ ಕನ್ನಡ ವಿಜ್ಞಾನ ಪಠ್ಯಪುಸ್ತಕ ಇಟ್ಟುಕೊಂಡವರು ಅದರಲ್ಲಿ ಯಾವ ಪದ ಇದೆ ಅಂತ ನೋಡಿ ಬರೆಯುತ್ತೀರಾ? ‘ಧಾತು’ ಇರಲಿ, ‘ಲೋಹ’ ಬೇಡ ಅನ್ನುವವರೂ ಕಾರಣ ಹೇಳಿ.

ಇನ್ನೊಂದು ಪ್ರಶ್ನೆ. ಚವರ ಕಡೆಯ ಖನಿಜದ ಮರಳನ್ನು ಮಲಯಾಳಿಗಳು ಕರಿಮಣಲ್ ಅನ್ನುತ್ತಾರೆ. ನಮ್ಮ ಕಡಲ ಬದಿಯಲ್ಲೂ ಅಲೆ ಹಿಂದೆ ಸರಿದಾಗ ಭಾರದ ಕಪ್ಪು ಕಾಳು ಪಟ್ಟೆ ಪಟ್ಟೆಯಾಗಿ ಉಳಿಯುತ್ತದೆ. ಅಯಸ್ಕಾಂತ ಹಿಡಿದರೆ ಕೆಲವು ಅಂಟಿಕೊಳ್ಳುತ್ತವೆ. ಉಳ್ಳಾಲ, ಮಲ್ಪೆ, ಮರವಂತೆ ಕಡೆಯ ಮೀನುಗಾರರ ಮನೆಗಳಲ್ಲಿ ಅದಕ್ಕೆ ಬೇರೆಯೇ ಹೆಸರಿದೆಯಾ? ತುಳುವಿನಲ್ಲಿ ಮರಳಿಗೆ ಪೊಯ್ಯೆ ಅನ್ನುತ್ತೇವೆ, ಆ ಕಪ್ಪು ಪೊಯ್ಯೆಯನ್ನು ಹಿರಿಯರು ಏನನ್ನುತ್ತಾರೆ? ಗೊತ್ತಿದ್ದವರು ಊರಿನ ಹೆಸರಿನ ಜೊತೆ ಬರೆಯಿರಿ. ಆ ಪದವನ್ನೂ ಚಾರ್ಟಿಗೆ ಸೇರಿಸುತ್ತೇವೆ.